ಮಗಳ ಮನೆ ಸ್ವೀಡನ್ನಿನಲ್ಲಿ

ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದಿತು. ಜಿಲ್ಲಾ ಕಚೇರಿಯ ಕಾರ್ಯಕ್ಕೆಂದು ಹೊರಟವರು ದಿಂಬಂ ಘಟ್ಟವನ್ನಿಳಿದು ಹೋಗಬೇಕಾಗಿದ್ದಿತು. ಅಂದಿನ ಗೃಹಸ್ಥರಿಗೆ ಅದೇ ದೂರದ ಪಯಣ. ಈಗ ಅದೇ ಕೊಳ್ಳೇಗಾಲದಿಂದಲೂ, ಹನೂರು ಯಳಂದೂರುಗಳಿಂದಲೂ ಮಕ್ಕಳು ಓದಿ, ಬೆಂಗಳೂರನ್ನು ದಾಟಿ, ಉತ್ತರ ಯೂರೋಪಿನಲ್ಲಿ ಸಂಸಾರ ಹೂಡುತ್ತಿದ್ದಾರೆ. ಮಗಳಿಗೆ ಸ್ಟಾಕ್‌ಹೋಮಿನಲ್ಲಿ ಹೆರಿಗೆಯಾಗಲಿದೆ, ಹೋಗಿಬರುವುದೆಂತು, ವೆಚ್ಚವೆಷ್ಟಾದೀತು ಎಂಬುದು ರೇಷ್ಮೆಗೂಡಿನ ಧಾರಣೆಯಂತೆ ಜಗಲಿಯ ಮಾತಾಗಿಬಿಟ್ಟಿದೆ.

ಇದಕ್ಕಾಗಿ ಒಡವೆಯನ್ನು ಗಿರವಿಯಿಡುವ ಯೋಚನೆಯುಳ್ಳವರೂ ಉಂಟು. ಅದು ಬೇಡವೆಂಬುದೇ ನಮ್ಮ ಅಭಿಪ್ರಾಯ. ಈ ಪ್ರಯಾಣದಲ್ಲಿ ಹಣವನ್ನು ನುಂಗುವುದು ದೂರವಲ್ಲ, ಅವಸರ. ಹೆರಿಗೆಯ ದಿನಕ್ಕೇ ತಾಯಿ ಅಲ್ಲಿರಬೇಕೆಂಬ ಹಟದಿಂದ ಸಿಕ್ಕಿದ ಬೆಲೆಗೆ ಟಿಕೆಟು ಕೊಳ್ಳುವವರು ಒಂದು ಸಂಗತಿಯನ್ನು ತಿಳಿದಿರುವುದು ಲೇಸು. ಸ್ವೀಡನ್ನಿನಲ್ಲಿ ಮಗುವೊಂದಕ್ಕೆ ತಂದೆತಾಯಿಗಳಿಬ್ಬರಿಗೂ ಸೇರಿ 480 ದಿನಗಳ ಭತ್ಯಸಹಿತ ರಜೆಯುಂಟು. ಅದರಲ್ಲಿ 90 ದಿನಗಳು ತಂದೆಗೇ ಮೀಸಲು. ಇದಲ್ಲದೆ ಹೆರಿಗೆಯ ಸಮಯದಲ್ಲಿ ತಂದೆಗೆ ಬೇರೆ ಹತ್ತು ದಿನಗಳಿವೆ. ಎಂದರೆ ಮೊದಲ ವಾರಗಳಲ್ಲಿ ಅಳಿಯನು ಮನೆಯಲ್ಲಿಯೇ ಇರುತ್ತಾನೆ. ಆ ರಜೆ ಮುಗಿಯುವ ವೇಳೆಗೆ, ಮಗು ಕತ್ತೆತ್ತುವ ಮೂರನೆಯ ತಿಂಗಳಿನಲ್ಲಿ, ಅಜ್ಜಿ ಹೋದರೆ ಮಗಳಿಗೂ ಹೆಚ್ಚು ನೆಮ್ಮದಿ, ಕೈಗೂ ಕಡಿಮೆ ಹೊರೆ. ಹಿರಿಯರಿಗೆ ಈ ಮಾತು ರುಚಿಸದೆ ಇರಬಹುದು. ಚೊಚ್ಚಲ ಬಾಣಂತನವೆಂದರೆ ಲೆಕ್ಕದ ಮಾತಲ್ಲವೆಂದು ನಾವೂ ಬಲ್ಲೆವು. ಆದರೆ ಡಿಸೆಂಬರಿನಲ್ಲಿ ಆರು ಗಂಟೆಯಷ್ಟೇ ಹಗಲಿರುವ ಊರಿಗೆ ಮಂಡಿನೋವಿನ ತಾಯಿಯನ್ನು ಕರೆದೊಯ್ಯುವುದರಿಂದ ಬಾಣಂತಿಗೆ ಆಗುವ ಉಪಕಾರವೇನು?

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪಾಸ್‌ಪೋರ್ಟಿಲ್ಲದವರು ಮೊದಲು ಅದನ್ನು ಮಾಡಿಸತಕ್ಕದ್ದು. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವೆಯು 2017ರ ಜನವರಿಯಲ್ಲಿ ಆರಂಭವಾದಾಗ ಮೈಸೂರೇ ಮೊದಲಿಗರ ಸಾಲಿನಲ್ಲಿದ್ದಿತು. ನಮ್ಮ ಹಿರಿಯ ಹೆಂಗಸರ ಹೆಸರು ಆಧಾರಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಆಗಿರುವುದು ಸಾಮಾನ್ಯ. ಅದನ್ನು ಸರಿಪಡಿಸುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಮಗಳು ಬಸುರಿಯೆಂಬ ಸಮಾಚಾರ ಬಂದ ದಿನವೇ ಈ ಕಾರ್ಯಕ್ಕೆ ಕೈಹಾಕುವುದು ಯುಕ್ತ. ವೀಸಾ ಅರ್ಜಿಯನ್ನು ಹೊರಡುವುದಕ್ಕೆ ಆರು ತಿಂಗಳ ಮೊದಲಿನಿಂದ ಹದಿನೈದು ದಿನ ಉಳಿದಿರುವವರೆಗೆ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಕೊಡಬಹುದು. 2024ರ ಜೂನಿನಿಂದ ಒಬ್ಬರಿಗೆ ಶುಲ್ಕ 90 ಯೂರೋ. 2025ರ ಕೊನೆಯಲ್ಲಿ ಯೂರೋ ಒಂದಕ್ಕೆ ನೂರು ರೂಪಾಯಿಗೂ ಮೀರಿದ್ದಿತು. ಅರ್ಜಿ ತಿರಸ್ಕೃತವಾದರೂ ಈ ಹಣ ಹಿಂದಕ್ಕೆ ಬಾರದು. ಆದಕಾರಣ ವೀಸಾ ಕೈಸೇರುವ ಮೊದಲು ಟಿಕೆಟಿನ ಪೂರ್ಣ ಹಣವನ್ನು ತೆರಕೂಡದು. ವೀಸಾ ತೆಗೆಸಿಕೊಡುವುದು ತನ್ನ ಜವಾಬ್ದಾರಿಯೆಂದು ಎದೆತಟ್ಟಿ ಹೇಳುವ ದಲ್ಲಾಳಿಯನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ. ಆ ನಿರ್ಣಯವು ರಾಯಭಾರ ಕಚೇರಿಯದು.

ಸ್ವೀಡನ್ ಸರ್ಕಾರವು ಭೇಟಿಗೆ ಬರುವವರಲ್ಲಿ ದಿನವೊಂದಕ್ಕೆ 450 ಕ್ರೋನಗಳಿರುವುದನ್ನು ನೋಡುತ್ತದೆ. ಇದು ನಾಲ್ಕು ಸಾವಿರ ರೂಪಾಯಿಗಳ ಆಸುಪಾಸಿನದು; ದಂಪತಿಗಳಿಬ್ಬರಿಗೆ ಎರಡು ತಿಂಗಳಿಗೆ ಗುಣಿಸಿದರೆ ಎದೆ ಧಸಕ್ಕೆನ್ನುವುದು. ಆದರೆ ವಸತಿಯೂ ಊಟವೂ ಮಗಳ ಮನೆಯಲ್ಲಿಯೇ ಎಂದು ಅವಳ ಆಮಂತ್ರಣದಿಂದ ತೋರಿಸಿಕೊಟ್ಟರೆ ಇದಕ್ಕಿಂತ ಕಡಿಮೆಯೂ ಸಲ್ಲಬಹುದು. ಗಿರವಿಯ ಯೋಚನೆ ಹುಟ್ಟುವುದು ಬಹುಮಟ್ಟಿಗೆ ಈ ಲೆಕ್ಕವನ್ನು ಅರ್ಧ ಓದಿದುದರಿಂದಲೇ.

ಉಳಿತಾಯ ಮಾಡಬಾರದ ಬಾಬು ಒಂದೇ, ಅದು ವಿಮೆ. 30,000 ಯೂರೋಗಳಿಗೆ ಕಡಿಮೆಯಿಲ್ಲದ ಆರೋಗ್ಯ ವಿಮೆಯಿಲ್ಲದೆ ವೀಸಾ ದೊರೆಯದು. ಅಗ್ಗದ ವಿಮೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ಹಳೆಯ ರೋಗಗಳನ್ನು ಬಿಟ್ಟಿರುತ್ತಾರೆ. ಆ ಸಣ್ಣಕ್ಷರಗಳನ್ನು ಓದಿಸಿ ಕೇಳಿಕೊಳ್ಳತಕ್ಕದ್ದು.

ಇನ್ನು ಪೆಟ್ಟಿಗೆಯ ವಿಚಾರ. ಬಾಣಂತಿಗೆಂದು ಮನೆಯಲ್ಲಿ ಕಾಸಿದ ತುಪ್ಪದ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿಡದ ತಾಯಿಯುಂಟೆ? ಆದರೆ ಹೊರದೇಶಗಳಿಂದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ತರುವುದನ್ನು ಯೂರೋಪಿನ ಒಕ್ಕೂಟವು ನಿಷೇಧಿಸಿದೆ. ತುಪ್ಪ ಹೋಗಕೂಡದು, ಪೇಡವೂ ಹೋಗಕೂಡದು. 2019ರ ಡಿಸೆಂಬರಿನಿಂದ ಹಸಿ ಹಣ್ಣು ಸೊಪ್ಪುಗಳಿಗೂ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಕರಿಬೇವು, ಮಾವು ಎರಡೂ ಈ ಕಟ್ಟಿನೊಳಗೆ ಬಂದವು. ಬಾಳೆ, ತೆಂಗು, ಅನಾನಸು, ಖರ್ಜೂರಗಳಿಗೆ ಬಿಡುಗಡೆಯುಂಟು. ರಾಗಿಹಿಟ್ಟು, ಸಾರಿನಪುಡಿ, ಶುಂಠಿಪುಡಿ, ಕೊಬ್ಬರಿ, ಅಂಟು ಇವನ್ನು ಭದ್ರವಾಗಿ ಕಟ್ಟಿ ಒಯ್ಯಿರಿ. ಬೆಣ್ಣೆಯು ಆ ದೇಶದಲ್ಲಿ ಎಲ್ಲ ಅಂಗಡಿಗಳಲ್ಲಿಯೂ ಸಿಕ್ಕುತ್ತದೆ. ತುಪ್ಪವನ್ನು ಅಲ್ಲಿಯೇ ಕಾಸಿ ಅಂಟಿನುಂಡೆ ಕಟ್ಟಿದರಾಯಿತು. ತಾಯಿಯ ಕೈ ಬೇಕು, ಕೊಳ್ಳೇಗಾಲದ ಡಬ್ಬಿಯೇ ಆಗಬೇಕೆಂದಿಲ್ಲ.

ಅಲ್ಲಿ ಇಳಿದ ಮೇಲೆ ಹೋಟೆಲಿನ ಊಟವೊಂದನ್ನು ಬಿಟ್ಟರೆ ವೆಚ್ಚವು ಹಿಡಿತದಲ್ಲಿರುತ್ತದೆ. ಕೊಳಾಯಿ ನೀರನ್ನೇ ಕುಡಿಯಬಹುದು. ಸ್ಟಾಕ್‌ಹೋಮಿನ ಬಸ್ಸಿನಲ್ಲಿ ನಗದು ನಡೆಯದು, ಆದರೆ 65 ತುಂಬಿದವರಿಗೆ ರಿಯಾಯಿತಿಯುಂಟು. ನೋಡತಕ್ಕ ವಸ್ತುಗಳಲ್ಲಿ ಶ್ರೇಷ್ಠವಾದದ್ದಕ್ಕೆ ಕಾಸಿಲ್ಲ; ಅದು ಕಾಡು. ಅಲ್ಲೆಮಾನ್ಸ್‌ರೆಟ್ಟೆನ್ ಎಂಬ ಸಾರ್ವಜನಿಕ ಹಕ್ಕಿನ ಮೇರೆಗೆ ಯಾರೇ ಆಗಲಿ, ಪರರ ಒಡೆತನದ ಕಾಡಿನಲ್ಲಿಯೂ, ಮನೆಯಂಗಳವನ್ನೂ ಪೈರನ್ನೂ ತುಳಿಯದೆ, ನಡೆದಾಡಬಹುದು. ಕಾಡಿನ ಹಣ್ಣನ್ನೂ ಅಣಬೆಯನ್ನೂ ಕೊಯ್ದುಕೊಳ್ಳಬಹುದು. ಅಣಬೆಯನ್ನು ಬಲ್ಲವರಿಲ್ಲದೆ ಮುಟ್ಟಬೇಡಿ. ಯಳಂದೂರಿನವರಿಗೆ ಇದು ವಿಚಿತ್ರವಾಗಿ ಕಂಡೀತು. ಬಿಳಿಗಿರಿರಂಗನ ಬೆಟ್ಟದಲ್ಲಿ ತಲೆತಲಾಂತರದಿಂದ ಜೇನು, ನೆಲ್ಲಿ ಆಯ್ದುಕೊಂಡಿದ್ದ ಸೋಲಿಗರಿಗೇ ಆ ಹಕ್ಕು ಕಾನೂನಿನ ಮೇರೆಗೆ ದೊರೆತದ್ದು 2011ರಲ್ಲಿ. ಅಲ್ಲಿ ನೆನ್ನೆ ವಿಮಾನದಿಂದಿಳಿದ ಅಜ್ಜನೂ ಮೊಮ್ಮಗುವನ್ನು ಗಾಡಿಯಲ್ಲಿ ಕೂರಿಸಿ ಕಾಡಿನ ದಾರಿ ಹಿಡಿಯಬಹುದು. ಹತ್ತು ದಿನದಲ್ಲಿ ನಾಲ್ಕು ದೇಶ ತೋರಿಸುವ ಪ್ರವಾಸಗಳಿಗಿಂತ ಇದೇ ನಮಗೆ ಮೆಚ್ಚು.

ಕಾಲವನ್ನು ಆರಿಸುವ ಅವಕಾಶವುಳ್ಳವರು ಗೌರಿಹಬ್ಬ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ ಹೊರಡಲಿ. ಆಗ ಅಲ್ಲಿನ ಬೇಸಿಗೆಯ ನೂಕುನುಗ್ಗಲು ಮುಗಿದಿರುತ್ತದೆ. ಕಾಡಿನ ಹಣ್ಣು ಇನ್ನೂ ಉಳಿದಿರುತ್ತದೆ. ಮಂಡಿನೋವಿನವರು ಟಿಕೆಟು ಮಾಡಿಸುವಾಗಲೇ ಗಾಲಿಕುರ್ಚಿಯನ್ನು ಕೇಳಿಡಲಿ. ಯೂರೋಪಿನ ವಿಮಾನ ನಿಲ್ದಾಣಗಳಲ್ಲಿ ಅದಕ್ಕೆ ಹಣವಿಲ್ಲ. ತಂಗುವ ಅವಧಿ 180 ದಿನಗಳಲ್ಲಿ ಹೆಚ್ಚೆಂದರೆ 90. ಇಳಿದ ದಿನವೂ ಹೊರಟ ದಿನವೂ ಅದರಲ್ಲಿಯೇ ಸೇರುತ್ತವೆ. ಹಿಂದಿರುಗುವ ಟಿಕೆಟನ್ನು 85ನೆಯ ದಿನದೊಳಗೆ ಮಾಡಿಸಿಕೊಂಡರೆ ವಿಮಾನ ತಪ್ಪಿದರೂ ಗಾಬರಿಯಿಲ್ಲ.