ತಂಗುದಾಣ ಊರಿನದು, ಬಸ್ಸು ಯಾರದು?

ಚಿಕ್ಕಮಗಳೂರಿನಲ್ಲಿ ಸಾರಿಗೆಯ ಮಾತು ಬಂದರೆ ಎಲ್ಲರ ಕಣ್ಣೂ ಗಿರಿಯ ತುದಿಗೇ ಹೋಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಭಾಗಕ್ಕೆ ರೋಪ್‌ವೇ ಬೇಕೋ ಬೇಡವೋ ಎಂಬ ವಾದ ವರ್ಷಗಳಿಂದ ಕಾವೇರುತ್ತ, ತಣ್ಣಗಾಗುತ್ತ ಬಂದಿದೆ. ಕಳಸ, ಸಂಸೆ, ಬಾಳೂರು, ಕೊಟ್ಟಿಗೆಹಾರದ ಕಡೆಯ ಜನ ಕೇಳುವುದು ಬೇರೆಯೇ. ಕಾಲೇಜು ಬಿಟ್ಟ ಮೇಲೆ ಮನೆ ಮುಟ್ಟಿಸುವ ಒಂದು ಬಸ್ಸು, ಆಸ್ಪತ್ರೆಗೆ ಹೋದವರು ಕತ್ತಲಾಗುವ ಮೊದಲು ಮರಳಲು ಇನ್ನೊಂದು. ಈ ಬೇಡಿಕೆ ಎಂದೂ ದೊಡ್ಡ ಚರ್ಚೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿಕೊಂಡರೆ ನಮ್ಮ ಸ್ಥಳೀಯ ಆಡಳಿತದ ಒಂದು ದೊಡ್ಡ ಕೊರತೆ ಕಾಣಿಸುತ್ತದೆ.

ರೋಪ್‌ವೇ ಪರ ಇರುವವರ ಮಾತನ್ನು ತಳ್ಳಿಹಾಕುವಂತಿಲ್ಲ. ವಾರಾಂತ್ಯದಲ್ಲಿ ಗಿರಿಯ ಕಿರಿದಾದ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟುವುದನ್ನು ಕಂಡವರಿಗೆ ಏನಾದರೂ ಮಾಡಲೇಬೇಕು ಅನ್ನಿಸುವುದು ಸಹಜ. ಜಿಲ್ಲಾಡಳಿತವೂ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ನೋಂದಣಿ ಕಡ್ಡಾಯಗೊಳಿಸಿ, ಬೆಳಿಗ್ಗೆ 600, ಮಧ್ಯಾಹ್ನ 600 ವಾಹನಗಳ ಮಿತಿ ಹಾಕಿತು. ವಿರೋಧಿಸುವವರ ಆತಂಕಕ್ಕೂ ಆಧಾರವಿದೆ. ಶೋಲಾ ಕಾಡು ಮತ್ತು ಹುಲ್ಲುಗಾವಲು ಸೇರಿ ಮಳೆನೀರು ಹಿಡಿದಿಡುವ ಇಳಿಜಾರು ಅದು. ಅಲ್ಲಿ ಕಂಬ ನೆಡಲು ಅಗೆದ ಮಣ್ಣು ಮುಂದಿನ ಮಳೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು 2019ರ ಆಗಸ್ಟ್‌ನ ಮಳೆ ಕಂಡ ಮೂಡಿಗೆರೆ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕಾರುಗಳನ್ನು ಕೆಳಗೇ ನಿಲ್ಲಿಸಿ ಸಣ್ಣ ಬಸ್ಸುಗಳಲ್ಲಿ ಜನರನ್ನು ಮೇಲೆ ಕರೆದೊಯ್ಯುವ ದಾರಿಯನ್ನು ಪೂರ್ತಿಯಾಗಿ ಪ್ರಯತ್ನಿಸುವ ಮೊದಲು ಗಿರಿಗೆ ಕಂಬ ನೆಡಬಾರದು.

ರೈಲಿನ ಕಥೆ ಇದಕ್ಕಿಂತ ಹಳೆಯದು. ಕಡೂರು–ಚಿಕ್ಕಮಗಳೂರು–ಸಕಲೇಶಪುರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996–97ರಲ್ಲಿ. ಕಡೂರಿನಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 45 ಕಿಲೊಮೀಟರ್ ಹಳಿ ಬರುವಷ್ಟರಲ್ಲಿ 2013ರ ನವೆಂಬರ್ ಆಗಿತ್ತು. ಮುಂದಿನ ಹಳಿ ಸಕಲೇಶಪುರದ ಕಡೆ ಹೋಗಲಿಲ್ಲ. ಯೋಜನೆಯ ದಿಕ್ಕು ಬೇಲೂರು, ಹಾಸನದತ್ತ ಹೊರಳಿತು. ತೋಟದ ಜಮೀನು, ಆನೆ ಓಡಾಟ, ಘಟ್ಟದ ಖರ್ಚು, ಹೀಗೆ ಪ್ರತಿ ದಾರಿಗೂ ಒಂದೊಂದು ತೊಡಕು. ರೈಲು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ನಾಳೆ ಬೇಲೂರಿಗೆ ರೈಲು ಓಡಿದರೂ ಕಳಸದ ಹುಡುಗಿ ಕಾಲೇಜಿಗೆ ಹೋಗಬೇಕಾದದ್ದು ಬಸ್ಸಿನಲ್ಲೇ.

ಹಾಗಾದರೆ ಬಸ್ಸಿನ ಬಗ್ಗೆ ಊರು ಯಾರನ್ನು ಕೇಳಬೇಕು? ನಗರಾಡಳಿತಗಳಿಗೆ 18 ವಿಷಯಗಳನ್ನು ಹಂಚಿಕೊಟ್ಟ ಸಂವಿಧಾನದ 12ನೇ ಅನುಸೂಚಿಯಲ್ಲಿ ಬೀದಿದೀಪ, ವಾಹನ ನಿಲುಗಡೆ, ಸಾರ್ವಜನಿಕ ಶೌಚಾಲಯಗಳ ಜೊತೆ ಬಸ್ ನಿಲುಗಡೆಯೂ ಇದೆ. ಬಸ್ಸು ಮಾತ್ರ ಇಲ್ಲ. ಪಂಚಾಯಿತಿಗಳಿಗೆ 29 ವಿಷಯ ಕೊಟ್ಟ 11ನೇ ಅನುಸೂಚಿಯಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿಗಳ ಹೆಸರಿದೆ. ಅಲ್ಲಿಯೂ ಬಸ್ಸಿನ ಹೆಸರಿಲ್ಲ. ನಮ್ಮ ಮಲೆನಾಡಿನ ಕೂಡುರಸ್ತೆಗಳಲ್ಲಿ ಕಾಣುವುದೂ ಇದನ್ನೇ. ತಂಗುದಾಣ ಗಟ್ಟಿಯಾಗಿದೆ, ಅನುದಾನ ಕೊಟ್ಟವರ ಹೆಸರು ದೊಡ್ಡ ಅಕ್ಷರದಲ್ಲಿದೆ. ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಎಲ್ಲೂ ಬರೆದಿಲ್ಲ.

ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ. ಸರ್ಕಾರಿ ಬಸ್ಸಿನ ಟ್ರಿಪ್ ತೀರ್ಮಾನವಾಗುವುದು ಕೆಎಸ್‌ಆರ್‌ಟಿಸಿಯ ವಿಭಾಗೀಯ ಕಚೇರಿಯಲ್ಲಿ. ಎರಡೂ ಕಡೆ ಗ್ರಾಮ ಪಂಚಾಯಿತಿಗೆ ಇರುವುದು ಮನವಿ ಪತ್ರ ಕೊಡುವ ಹಕ್ಕು ಮಾತ್ರ. ಜಿಲ್ಲಾ ಪಂಚಾಯಿತಿಯಲ್ಲಾದರೂ ಒಬ್ಬ ಸದಸ್ಯ ಎದ್ದು ನಿಂತು, ‘ನಮ್ಮೂರಿನ ಕೊನೆ ಬಸ್ಸು ಯಾಕೆ ನಿಂತಿತು’ ಎಂದು ಅಧಿಕಾರಿಯನ್ನು ಕೇಳಬಹುದಿತ್ತು. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು; 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ಆ ಸಭೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಪ್ರಶ್ನೆ ಕೇಳುವ ಕುರ್ಚಿಯೇ ಇಲ್ಲದ ಕಡೆ ರೋಪ್‌ವೇ ಚರ್ಚೆ ಹೇಳಿಕೆ–ಪ್ರತಿಹೇಳಿಕೆಯಲ್ಲಿ ಮುಗಿಯುತ್ತದೆ. ಬಸ್ಸಿನ ಚರ್ಚೆ ಶುರುವಾಗುವುದೇ ಇಲ್ಲ.

ಜನ ತಾವೇ ಬಸ್ಸು ನಡೆಸಬಲ್ಲರೇ ಎಂಬ ಅನುಮಾನಕ್ಕೆ ಈ ಜಿಲ್ಲೆಯೇ ಉತ್ತರ ಕೊಟ್ಟಿತ್ತು. ಕೊಪ್ಪದಲ್ಲಿ ಶಂಕರ್ ಎಂಬ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರು ಕೈಚೆಲ್ಲಿ ಕೂರಲಿಲ್ಲ. 1991ರಲ್ಲಿ ಸಹಕಾರ ಸಂಘ ಕಟ್ಟಿ, ಬೆರಳೆಣಿಕೆಯ ಬಸ್ಸುಗಳಿಂದ ‘ಸಹಕಾರ ಸಾರಿಗೆ’ ಆರಂಭಿಸಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಅದರ ಮಾಲೀಕರು. ಬಸ್ಸುಗಳ ಸಂಖ್ಯೆ ಎಪ್ಪತ್ತನ್ನು ದಾಟಿತು. ಲಾಭದ ರೂಟಿನ ಗಳಿಕೆಯಲ್ಲಿ ನಷ್ಟದ ರೂಟು ನಡೆಯಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಸಿಕ್ಕಿತು. ಎರಡು ದಶಕಕ್ಕೂ ಹೆಚ್ಚು ಕಾಲ ಮಲೆನಾಡಿನ ಮನೆಗಳಲ್ಲಿ ಹೊತ್ತು ಗೊತ್ತಾಗುತ್ತಿದ್ದುದೇ ಆ ಬಸ್ಸಿನ ಹಾರ್ನಿನಿಂದ.

2020ರ ಫೆಬ್ರುವರಿಯಲ್ಲಿ ಅದು ನಿಂತಿತು. ಏರಿದ ಡೀಸೆಲ್ ಬೆಲೆ, ವಿಮೆ, ತೆರಿಗೆ, ಬಿಡಿಭಾಗದ ಖರ್ಚು, ಬೈಕುಗಳಿಂದಾಗಿ ಕಡಿಮೆಯಾದ ಪ್ರಯಾಣಿಕರ ಸಂಖ್ಯೆ, ಎಲ್ಲವೂ ಸೇರಿ ಸಂಘವನ್ನು ಕುಸಿಯುವಂತೆ ಮಾಡಿದವು. ಕಾರ್ಮಿಕರಿಗೆ ಬಸ್ಸು ನಡೆಸಲು ಬರಲಿಲ್ಲ ಎಂದು ಇದನ್ನು ಓದುವುದು ಅನ್ಯಾಯ. ಸರ್ಕಾರ ಹೊರಬೇಕಾದ ಹೊರೆಯನ್ನು ಆ ಸಂಘ ತನ್ನ ಹೆಗಲ ಮೇಲೆ ಹೊತ್ತಿತ್ತು. ಹತ್ತು ಮನೆಯ ಊರಿಗೆ ಬಸ್ಸು ಹೋಗುವುದು ಸಾರ್ವಜನಿಕ ಸೇವೆ; ಅದರ ನಷ್ಟಕ್ಕೆ ಸಾರ್ವಜನಿಕ ಹಣವೇ ಬರಬೇಕಿತ್ತು.

ಮೂರು ವರ್ಷದ ನಂತರ, 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂತು. ಮಹಿಳೆಯರ ಪ್ರಯಾಣಕ್ಕೆ ಸರ್ಕಾರವೇ ಹಣ ಕೊಡಬಹುದು ಎಂಬ ತತ್ವ ಅದರಿಂದ ಗಟ್ಟಿಯಾಯಿತು. ಆದರೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ಮಲೆನಾಡಿನ ರೂಟುಗಳಲ್ಲಿ ತೋಟದ ಲೈನ್ ಮನೆಯಿಂದ ಸಂತೆಗೆ ಹೊರಟ ಹೆಂಗಸು ಈಗಲೂ ಟಿಕೆಟ್ ಕೊಳ್ಳುತ್ತಾಳೆ. ಬಸ್ಸೇ ಇಲ್ಲದ ಕಡೆ ಪಿಕಪ್‌ನ ಹಿಂಬದಿಯಲ್ಲಿ ನಿಂತು ಹೋಗುತ್ತಾಳೆ. ಅದೇ ಹಣ ಅಂದು ಸಹಕಾರ ಸಾರಿಗೆಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ.

ನೆರೆಯ ಕೇರಳ ಒಂದು ದಾರಿ ತೋರಿಸಿದೆ. ಅಲ್ಲಿ 2022ರ ಜುಲೈನಲ್ಲಿ ಆರಂಭವಾದ ‘ಗ್ರಾಮವಂಡಿ’ ಯೋಜನೆಯಲ್ಲಿ ಬಸ್ಸು, ಡ್ರೈವರ್, ಕಂಡಕ್ಟರ್ ಸಾರಿಗೆ ನಿಗಮದವರು. ಡೀಸೆಲ್ ಖರ್ಚು ಸ್ಥಳೀಯ ಸಂಸ್ಥೆಯದು. ಹಣ ಕೊಡುವುದರಿಂದ ಬಸ್ಸು ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಹೋಗಬೇಕೆಂದು ಹೇಳುವ ಅಧಿಕಾರವೂ ಪಂಚಾಯಿತಿಗೆ ಬರುತ್ತದೆ. ನಮ್ಮ ಪಂಚಾಯಿತಿಗಳಿಗೆ ಅಷ್ಟು ವರಮಾನವಿಲ್ಲ ಎಂಬುದು ನಿಜ. ಅದಕ್ಕೇ ಇಲ್ಲಿ ರಾಜ್ಯ ಸರ್ಕಾರವೇ ಪಾಲು ಕೊಡಬೇಕು. ನಷ್ಟದ ರೂಟುಗಳನ್ನು ಗುರುತಿಸಿ, ಓಡಿದ ಕಿಲೊಮೀಟರ್‌ಗೆ ಇಷ್ಟೆಂದು ಹಣ ನಿಗದಿ ಮಾಡಲಿ. ನಡೆಸುವವರು ಕೆಎಸ್‌ಆರ್‌ಟಿಸಿ ಆಗಲಿ, ಸಹಕಾರ ಸಂಘವಾಗಲಿ, ಖಾಸಗಿಯವರಾಗಲಿ, ‘ಶಕ್ತಿ’ ಎಲ್ಲರಿಗೂ ಅನ್ವಯವಾಗಲಿ. ವೇಳಾಪಟ್ಟಿ ಗ್ರಾಮಸಭೆಯ ಮುಂದೆ ಬರಲಿ. ಸಾರಿಗೆ ಪ್ರಾಧಿಕಾರದ ಸಭೆ ವರ್ಷಕ್ಕೊಮ್ಮೆಯಾದರೂ ಕಳಸದಲ್ಲೋ ಮೂಡಿಗೆರೆಯಲ್ಲೋ ಜನರ ಎದುರು ನಡೆಯಲಿ.

2001ರ ಜನಗಣತಿಯಲ್ಲಿ 11.40 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11.37 ಲಕ್ಷಕ್ಕೆ ಇಳಿಯಿತು. ಊರು ಬಿಡಲು ಹಲವು ಕಾರಣಗಳಿರುತ್ತವೆ. ಬೆಳಿಗ್ಗೆ ಹೋಗಿ ಸಂಜೆ ಮರಳಲು ಆಗದಿರುವುದು ಅದರಲ್ಲೊಂದು ಎಂಬುದು ಮಗಳನ್ನು ಹಾಸ್ಟೆಲಿಗೆ ಸೇರಿಸಿದ ಯಾವ ಮಲೆನಾಡಿನ ತಾಯಿಗೂ ಗೊತ್ತು. ಗಿರಿಯ ತುದಿಗೆ ಬರುವ ಅತಿಥಿ ಎರಡು ದಿನದಲ್ಲಿ ಇಳಿದು ಹೋಗುತ್ತಾನೆ. ಇಲ್ಲೇ ಉಳಿಯಬೇಕಾದವರಿಗೆ ಬೇಕಿರುವುದು ತಮ್ಮೂರಿನ ತಂಗುದಾಣದ ಗೋಡೆಯ ಮೇಲೆ ಬಸ್ಸಿನ ಹೊತ್ತು, ಅದನ್ನು ಗೊತ್ತುಮಾಡುವ ಅಧಿಕಾರ ತಮ್ಮೂರಿನ ಸಭೆಗೆ.