ಜಗಳಕ್ಕೆ ಮೊದಲು ಸುತ್ತು ಎಣಿಸಿ
ಭೋರ್‌ನ ಬಾಡಿಗೆ ಮನೆಯಲ್ಲಿ ಕರೆಂಟ್ ಬಿಲ್ ಏರಿದಾಗ ಮಾಲೀಕರ ಹಳೇ ಸಬ್‌ಮೀಟರ್ ಮೇಲೆ ನನಗೆ ಅನುಮಾನ ಬಂತು. ಸೀಲ್ ಮುಟ್ಟುವಂತಿಲ್ಲ. ಆದರೆ ಗಾಜಿನೊಳಗೆ ತಿರುಗುವ ಅಲ್ಯೂಮಿನಿಯಂ ತಟ್ಟೆಯ ಅಂಚಿನಲ್ಲಿ ಗುರುತಿದೆ. ಯೂನಿಟ್‌ಗೆ 600 ಸುತ್ತು ಎಂದೂ ಬರೆದಿದೆ. ಎಲ್ಲ ಆರಿಸಿ, 100 ವ್ಯಾಟ್ ಬಲ್ಬ್ ಒಂದನ್ನೇ ಹಾಕಿದೆ. ಲೆಕ್ಕದಂತೆ ನಿಮಿಷಕ್ಕೆ ಒಂದು ಸುತ್ತು ಬರಬೇಕು. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಎಣಿಸಿದೆ: 10 ಸುತ್ತಿಗೆ ಹೆಚ್ಚುಕಡಿಮೆ 10 ನಿಮಿಷ. ಮೀಟರ್ ಸರಿಯಾಗಿಯೇ ಇತ್ತು. 2 ಕಿಲೋವ್ಯಾಟ್ ಗೀಸರ್ ಹಾಕಿದರೆ 3 ಸೆಕೆಂಡಿಗೊಂದು ಸುತ್ತು! ಕಳ್ಳ ನಮ್ಮ ಬಚ್ಚಲಲ್ಲೇ ಇದ್ದ. ಕಾರ್ಖಾನೆಯ ಲೇಸರ್ ಟ್ಯಾಕೋಮೀಟರ್ ಕೂಡ ಹೀಗೆಯೇ, ಮುಟ್ಟದೆ ಗುರುತು ಎಣಿಸುತ್ತದೆ. ಹೊಸ ಮೀಟರ್‌ಗಳಲ್ಲಿ ತಟ್ಟೆಯ ಬದಲು ಮಿನುಗುವ ದೀಪವಿದೆ, ಅದನ್ನೂ ಎಣಿಸಬಹುದು. ಪರವೂರಿನಲ್ಲಿ ಅರೆಬರೆ ಮರಾಠಿಯಲ್ಲಿ ಜಗಳಕ್ಕಿಳಿಯುವ ಮೊದಲು ಹತ್ತು ನಿಮಿಷ ಎಣಿಸುವುದು ಒಳ್ಳೆಯದು.