ಸಾಲ್ಯಾಗಿನ ಕನ್ನಡ, ಮನ್ಯಾಗಿನ ಕನ್ನಡ

ಶಾಲೆಗೆ ಮಕ್ಕಳ ಹೆಸರು ಹಚ್ಚುವ ದಿನಗಳು ಬಂದವೆಂದರೆ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಕನ್ನಡ ಶಾಲೆಯೋ, ಮರಾಠಿಯೋ, ಇಂಗ್ಲಿಷೋ? ನೌಕರಿಯ ಮಾತು ಬರುತ್ತದೆ, ಮುಂದಿನ ಕಾಲೇಜಿನ ಮಾತು ಬರುತ್ತದೆ. ಅವೆಲ್ಲ ಖರೇ ಇರುವ ಚಿಂತೆಗಳೇ. ಆದರೆ ಕಟ್ಟಿಯ ಮೇಲೆ ಕುಳಿತವರು ಸಣ್ಣ ದನಿಯಲ್ಲಿ ಹೇಳುವ ಇನ್ನೊಂದು ಕಾರಣವಿದೆ. ‘ನಮ್ಮ ಕನ್ನಡ ಶುದ್ಧ ಇಲ್ರಿ. ಪುಸ್ತಕದಾಗಿನ ಕನ್ನಡ ಮನ್ಯಾಗ ಯಾರಿಗೂ ಬರೂದಿಲ್ಲ. ಹೆಂಗೂ ಹೊಸಾದೇ ಕಲೀಬೇಕಂದ ಮ್ಯಾಲೆ ಮರಾಠಿನೇ ಕಲೀಲಿ ಬಿಡ್ರಿ.’

ನೌಕರಿಯ ಚಿಂತೆಗೆ ಸರಕಾರ ಉತ್ತರ ಕೊಡಬೇಕು. ಈ ನಾಚಿಕೆಗೆ ಮಾತ್ರ ಉತ್ತರ ಕೊಡಬೇಕಾದವರು ಕನ್ನಡಿಗರೇ, ಅದರಲ್ಲೂ ಕನ್ನಡ ಶಾಲೆಗಳೇ.

ಮೊದಲು ಒಂದನೇ ಇಯತ್ತೆಯ ಹುಡುಗನ ಪಾಡು ನೋಡಬೇಕು. ಮನೆಯಲ್ಲಿ ಆತ ‘ಮನ್ಯಾಗ, ಹೊಲದಾಗ, ಅವಗ’ ಎನ್ನುತ್ತಾನೆ. ಪುಸ್ತಕದಲ್ಲಿ ‘ಮನೆಯಲ್ಲಿ, ಹೊಲದಲ್ಲಿ, ಅವನಿಗೆ’ ಇರುತ್ತದೆ. ಜತ್ತದ ಕಡೆ ‘ಐತಿ’, ಅಕ್ಕಲಕೋಟದ ಕಡೆ ‘ಅದ’, ಪುಸ್ತಕದಲ್ಲಿ ಎರಡೂ ಅಲ್ಲ, ‘ಇದೆ’. ಇಷ್ಟೇ ಆಗಿದ್ದರೆ ಹುಡುಗ ನಾಲ್ಕು ದಿನದಾಗ ಹೊಂದಿಕೊಳ್ಳುತ್ತಿದ್ದ. ತೊಡಕು ಬರುವುದು ಒಂದೇ ನಮೂನೆ ಕೇಳಿಸುವ ಶಬ್ದಕ್ಕೆ ಎರಡು ಅರ್ಥ ಬಂದಾಗ. ‘ಅಪ್ಪ ಬಂದಾನ’ ಎಂದರೆ ಉಮದಿಯಲ್ಲಾಗಲಿ ಮೈಂದರ್ಗಿಯಲ್ಲಾಗಲಿ ಅಪ್ಪ ಬಂದಿದ್ದಾನೆ, ಒಳಗೆ ಕುಳಿತು ಚಹಾ ಕುಡಿಯುತ್ತಿದ್ದಾನೆ ಎಂದರ್ಥ. ಬರೆಹದ ಕನ್ನಡದಲ್ಲಿ ‘ಅಪ್ಪ ಬಂದಾನು’ ಎಂದರೆ ಅಪ್ಪ ಇನ್ನೂ ಬಂದಿಲ್ಲ, ಬಂದರೂ ಬರಬಹುದು! ‘ಗುರುಗಳು ಬಂದಾರು’ ಎಂದು ಓದಿದ ಹುಡುಗ ಗುರುಗಳು ಬಂದೇಬಿಟ್ಟರು ಎಂದು ತಿಳಿದರೆ ಅವನ ತಪ್ಪೇನು? ಕೊನೆಯ ಒಂದು ಉಕಾರದಲ್ಲಿ ಬಂದವರು ಹೊರಗೇ ಉಳಿದುಬಿಡುತ್ತಾರೆ. ಇದನ್ನು ಬಿಡಿಸಿ ಹೇಳದೆ ‘ನಿನಗ ಕನ್ನಡನೇ ಬರೂದಿಲ್ಲ’ ಎಂದರೆ ಹುಡುಗ ಸುಮ್ಮನಾಗುತ್ತಾನೆ. ತಾಯಿಯ ಸಂಗಡ ದಿನವೆಲ್ಲ ಅದೇ ಭಾಷೆಯಲ್ಲಿ ಮಾತಾಡುವ ಕೂಸಿಗೆ ಅದು ಬರುವುದಿಲ್ಲ ಎಂದು ಹೇಳಿದಂತಾಗುತ್ತದೆ. ಅದೇ ಹುಡುಗ ಮರಾಠಿ ಶಾಲೆಯಲ್ಲಿ ತಪ್ಪು ಮಾಡಿದರೆ ‘ಮನ್ಯಾಗ ಕನ್ನಡ ಮಾತಾಡ್ತಾನ, ಕಲೀತಾನ’ ಎಂದು ಮಾಫಿ ಸಿಗುತ್ತದೆ. ಕನ್ನಡ ಶಾಲೆಯಲ್ಲಿ ಆ ಮಾಫಿಯೂ ಇಲ್ಲ.

ಹಾಗಾದರೆ ಮನೆಯ ಕನ್ನಡ ಕೆಟ್ಟ ಕನ್ನಡವೇ? ಖಂಡಿತ ಅಲ್ಲ. ಮನೆ ‘ಮನಿ’ ಆದರೆ ಮಳೆ ‘ಮಳಿ’ ಆಗುತ್ತದೆ, ಬೆಳೆ ‘ಬೆಳಿ’ ಆಗುತ್ತದೆ, ಎಲೆ ‘ಎಲಿ’ ಆಗುತ್ತದೆ. ಕೊನೆಯ ಎಕಾರ ಇಕಾರ ಆಗಬೇಕೆಂಬ ಈ ನಿಯಮವನ್ನು ಯಾವ ಮಾಸ್ತರರೂ ಕಲಿಸಿಲ್ಲ. ಆದರೂ ಐದು ವರ್ಷದ ಕೂಸು ಅದರಲ್ಲಿ ತಪ್ಪುವುದಿಲ್ಲ. ನಿಯಮ ಇದ್ದಲ್ಲಿ ವ್ಯಾಕರಣ ಇದೆ. ‘ಬಂದ’ ಬೇರೆ, ‘ಬಂದಾನ’ ಬೇರೆ, ‘ಬರಾಕತ್ತಾನ’ ಬೇರೆ ಎಂಬ ಕಾಲದ ಲೆಕ್ಕವೂ ಈ ಮಾತಿನಲ್ಲಿ ಚೊಕ್ಕಾಗಿ ಇದೆ. ಕಾಗದದ ಮೇಲೆ ಬಂದಿಲ್ಲ, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ಕರ್ನಾಟಕದೊಳಗೆ ಎಲ್ಲರೂ ಪುಸ್ತಕದಂತೆ ಮಾತಾಡುತ್ತಾರೆ ಎಂಬುದು. ಮೈಸೂರಿನ ಹುಡುಗನೂ ‘ಮನೇಲಿ’ ಎನ್ನುತ್ತಾನೆಯೇ ಹೊರತು ‘ಮನೆಯಲ್ಲಿ’ ಎನ್ನುವುದಿಲ್ಲ. ‘ಅವನು ಹೋಗುತ್ತಿದ್ದಾನೆ’ ಎಂದು ಅಡುಗೆಮನೆಯಲ್ಲಿ ಮಾತಾಡುವ ಊರು ಬೆಂಗಳೂರಿನಲ್ಲೂ ಇಲ್ಲ, ಬೀದರದಲ್ಲೂ ಇಲ್ಲ. ಬರೆಹದ ಕನ್ನಡ ಯಾರ ಮನೆಮಾತೂ ಅಲ್ಲ. ಆದರೆ ಒಂದು ಮಾತು ಒಪ್ಪಬೇಕು. ದಕ್ಷಿಣದ ಮಾತು ಬರೆಹಕ್ಕೆ ಸ್ವಲ್ಪ ಹತ್ತಿರ, ಸೊಲ್ಲಾಪುರ ಸೀಮೆಯದು ದೂರ. ಅಲ್ಲಿಯ ಹುಡುಗ ಒಂದು ಮೆಟ್ಟಿಲು ಏರಿದರೆ ಇಲ್ಲಿಯವ ಮೂರು ಏರಬೇಕು. ಮೆಟ್ಟಿಲು ಎತ್ತರ ಇದ್ದಲ್ಲಿ ಕೈ ಹಿಡಿಯುವವರು ಬೇಕಲ್ಲವೆ?

ಅಂಗಡಿ ನಡೆಸುವವರಿಗೆ ಇದು ಬೇಗ ತಿಳಿದೀತು. ದಿನದ ವ್ಯವಹಾರ ಮೊದಲು ಕಿರ್ದಿಯಲ್ಲಿ ಬರುತ್ತದೆ, ಆಮೇಲೆ ಖತಾವಣಿಗೆ ಏರುತ್ತದೆ. ಖತಾವಣಿ ನೀಟಾಗಿ ಇರುತ್ತದೆ ಎಂದು ಕಿರ್ದಿಯನ್ನು ಯಾರೂ ಒಲೆಗೆ ಹಾಕುವುದಿಲ್ಲ. ಕಿರ್ದಿಯೇ ಇಲ್ಲದಿದ್ದರೆ ಖತಾವಣಿಗೆ ಏನನ್ನು ಏರಿಸುವುದು?

ಮರಾಠಿಯತ್ತ ತಿರುಗಿ ನೋಡಿದರೂ ಇದೇ ಕಥೆ. ಪುಸ್ತಕದ ‘ಕೇಲೆ, ಝಾಲೆ’ ಬಾಯಲ್ಲಿ ‘ಕೇಲಂ, ಝಾಲಂ’ ಆಗುತ್ತದೆ. ಕಥೆ, ಸಂಭಾಷಣೆಗಳಲ್ಲಿ ಅದನ್ನೇ ಅಚ್ಚು ಹಾಕುತ್ತಾರೆ, ಯಾರೂ ಹುಬ್ಬು ಏರಿಸುವುದಿಲ್ಲ. ಬಹಿಣಾಬಾಯಿ ಚೌಧರಿ (1880-1951) ಓದು ಬರೆಹ ಕಲಿತವರಲ್ಲ. ಖಾನದೇಶದ ತಮ್ಮ ಹಳ್ಳಿಯ ಮಾತಿನಲ್ಲೇ ಹಾಡು ಕಟ್ಟಿದರು. ಅವರು ತೀರಿಕೊಂಡ ಮೇಲೆ 1952ರಲ್ಲಿ ಪುಸ್ತಕ ಬಂತು. ಆ ಹಾಡುಗಳು ಶಾಲೆಯ ಪಾಠಪುಸ್ತಕಕ್ಕೆ ಬಂದವು, 2018ರಲ್ಲಿ ಜಳಗಾಂವದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟರು. ತಮ್ಮ ಬೋಲಿಯನ್ನು ಮರಾಠಿಗರು ಇಷ್ಟು ಎತ್ತಿ ಹಿಡಿದಿರುವಾಗ, ಮರಾಠಿ ಶಾಲೆಯ ಬಾಜೂಕೇ ಇರುವ ಕನ್ನಡ ಶಾಲೆ ತನ್ನ ಊರ ಮಾತಿಗೆ ಯಾಕೆ ನಾಚಬೇಕು?

ಕನ್ನಡದಲ್ಲಿಯೂ ದೊಡ್ಡವರು ಇದೇ ಮಾತನ್ನು ನೆಚ್ಚಿದರು. ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರ ಕಾವ್ಯದ ಜೀವ ಧಾರವಾಡದ ಆಡುಮಾತು. 1944ರಿಂದ 1956ರವರೆಗೆ ಅವರು ಇದೇ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1973ರಲ್ಲಿ ‘ನಾಕು ತಂತಿ’ಗೆ ಜ್ಞಾನಪೀಠ ಬಂತು. ಹೆಸರೇ ನೋಡಿ, ‘ನಾಲ್ಕು’ ಅಲ್ಲ, ‘ನಾಕು’. ಒಂದನೇ ಇಯತ್ತೆಯ ಹುಡುಗ ಪಾಟಿಯ ಮೇಲೆ ‘ನಾಕು’ ಎಂದು ಬರೆದರೆ ಮಾತ್ರ ಕೆಂಪು ಗೆರೆ!

ಸೊಲ್ಲಾಪುರದ ಮಗಳು ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿ, ಕನ್ನಡವನ್ನು ಆಮೇಲೆ ತಾವೇ ಹಟ ಹಿಡಿದು ಕಲಿತರು. ಸಿದ್ಧರಾಮನ ಪುರಾಣ ಬರೆಯಲು ಅವರು ಆರಿಸಿಕೊಂಡದ್ದು ಹೆಣ್ಣುಮಕ್ಕಳು ಬೀಸುವಾಗ ಹಾಡುವ ತ್ರಿಪದಿಯನ್ನು. 1974ರ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಆ ಪೀಠ ಏರಿದ ಮೊದಲ ಹೆಣ್ಣುಮಗಳು. ಬೀಸುವ ಕಲ್ಲಿನಿಂದ ಅಧ್ಯಕ್ಷ ಪೀಠದವರೆಗೆ ಒಂದು ದಾರಿ ಇದೆ ಎಂದು ಈ ಸೀಮೆಯವರಿಗೆ ಬೇರೆಯವರು ಹೇಳಬೇಕೆ?

ಮರಾಠಿ ಶಬ್ದ ಬೆರೆತಿದೆ, ಅದಕ್ಕೇ ಅಶುದ್ಧ ಎನ್ನುವವರೂ ಇದ್ದಾರೆ. ‘ಖೋಲಿ’, ‘ಭಾಂಡಿ’, ‘ಬಾಜೂ’ ಎಂದರೆ ಕನ್ನಡ ಕೆಟ್ಟಿತಂತೆ. ಹಾಗಾದರೆ ಮರಾಠಿಯ ‘ತೂಪ’ ಎಲ್ಲಿಂದ ಬಂತು? ಕನ್ನಡದ ತುಪ್ಪದಿಂದ. ‘ಅಡಕಿತ್ತಾ’ ಎಲ್ಲಿಂದ? ಅಡಕೆ ಕತ್ತರಿಯಿಂದ. ಇದರಿಂದ ಮರಾಠಿ ಕೆಡಲಿಲ್ಲ. ನೆರೆಯವರ ನಡುವೆ ತುಪ್ಪ ಹೋಗುತ್ತದೆ, ಭಾಂಡಿ ಬರುತ್ತದೆ. ಲೆಕ್ಕ ಇಡುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೆ ಪಾಠಪುಸ್ತಕವನ್ನೇ ‘ಮನ್ಯಾಗ, ಹೊಲದಾಗ’ ಎಂದು ಬರೆದುಬಿಡಬೇಕೆ? ಬೇಡ. ಬರೆಹದ ಕನ್ನಡ ಬೇಕೇ ಬೇಕು. ಹತ್ತನೆಯ ಇಯತ್ತೆಯ ಪರೀಕ್ಷೆ ಅದರಲ್ಲಿದೆ, ಪೇಪರು ಅದರಲ್ಲಿದೆ, ಅರ್ಜಿ ಅದರಲ್ಲಿದೆ. ಜತ್ತದವರಿಗೂ ಕಾಸರಗೋಡಿನವರಿಗೂ ತಾಳವಾಡಿಯವರಿಗೂ ರಾಯದುರ್ಗದವರಿಗೂ ಮನೆಮಾತು ಒಂದೇ ಇಲ್ಲ, ಅವರನ್ನು ಜೋಡಿಸಿರುವುದು ಅದೊಂದೇ. ಪ್ರಶ್ನೆ ಇರುವುದು ಯಾವಾಗ, ಹೇಗೆ ಎಂಬುದರಲ್ಲಿ. ಮೊದಲ ಎರಡು ವರ್ಷ ಹುಡುಗ ತನ್ನ ಮಾತಿನಲ್ಲೇ ಉತ್ತರ ಹೇಳಲಿ, ತನ್ನ ಮಾತಿನಲ್ಲೇ ನಾಲ್ಕು ಸಾಲು ಬರೆಯಲಿ. ಮಾಸ್ತರರು ಹೊಡೆದು ಹಾಕದೆ ಪಕ್ಕದಲ್ಲಿ ಬರೆದು ತೋರಿಸಲಿ: ನಾವು ಹಿಂಗ ಅಂತೀವಿ, ಪುಸ್ತಕದಾಗ ಹೀಗೆ ಬರೀತಾರ. ‘ಬಂದಾನ, ಬಂದಾನು’ಗಳನ್ನು ಜೋಡಿಯಾಗಿ ಕಲಿಸಲಿ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಪಾಠಪುಸ್ತಕ ಪುಣೆಯ ಬಾಲಭಾರತಿಯಿಂದಲೇ ಬರಲಿ, ಅದನ್ನು ಹುಡುಗನ ಬಾಯಿಗೆ ತಲುಪಿಸುವುದು ಊರ ಮಾಸ್ತರರ ಕೆಲಸ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಇರಬೇಕೆಂದು ಸಂವಿಧಾನದ 350-ಎ ಕಲಂ 1956ರಿಂದಲೂ ಹೇಳುತ್ತ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ‘ಮನೆಯ ಭಾಷೆ’ ಎಂದೇ ಹೆಸರಿಸಿದೆ. ಮನೆಯ ಭಾಷೆ ಎಂದರೆ ಅಕ್ಕಲಕೋಟದಲ್ಲಿ ‘ಅದ’, ಜತ್ತದಲ್ಲಿ ‘ಐತಿ’.

ಪಾಲಕರಿಗೂ ಒಂದು ಮಾತು. ಕನ್ನಡ ಶಾಲೆಗೆ ಹಾಕಿದರೆ ಮರಾಠಿ ಬರುವುದಿಲ್ಲ ಎಂಬ ಹೆದರಿಕೆ ಬೇಡ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದಕ್ಕೂ ಮಿಗಿಲಾಗಿ ಸಂತೆ, ಬಸ್‌ಸ್ಟ್ಯಾಂಡ್, ತಲಾಠಿ ಕಚೇರಿ ಎಲ್ಲ ಕಡೆ ಮರಾಠಿ ತಾನಾಗಿಯೇ ಕಿವಿಗೆ ಬೀಳುತ್ತದೆ. ಕನ್ನಡದ ಅಕ್ಷರ ಹಾಗೆ ತಾನಾಗಿ ಬರುವುದಿಲ್ಲ. ಅದು ಶಾಲೆಯಲ್ಲಿ ಬಂದರೆ ಬಂತು, ಇಲ್ಲವಾದರೆ ಮನೆಯಲ್ಲಿ ಕನ್ನಡ ಮಾತಾಡುತ್ತಲೇ ಕನ್ನಡದ ಒಂದು ಪಾಟಿ ಓದಲಾರದ ಪೀಳಿಗೆ ಬೆಳೆಯುತ್ತದೆ. ಅಂಥ ಮನೆಗಳು ದುಧನಿ, ಮೈಂದರ್ಗಿಗಳಲ್ಲಿ ಈಗಾಗಲೇ ಇವೆ. ಅಜ್ಜಿ ಕನ್ನಡ ಪುರಾಣ ಓದುತ್ತಾಳೆ, ಮೊಮ್ಮಗ ಕೇಳಿಸಿಕೊಂಡು ತಿಳಿಯುತ್ತಾನೆ, ಪುಸ್ತಕ ಕೈಗೆ ಕೊಟ್ಟರೆ ತಿರುವಿ ಇಡುತ್ತಾನೆ.

ಹೆಸರು ಹಚ್ಚಲು ಹೋದಾಗ ಫೀ ಎಷ್ಟು, ಡ್ರೆಸ್ ಯಾವುದು ಎಂದು ಕೇಳುವುದು ಇದ್ದೇ ಇದೆ. ಅದರ ಜೊತೆ ಹೆಡ್‌ಮಾಸ್ತರರಿಗೆ ಇನ್ನೊಂದನ್ನೂ ಕೇಳಲಿ: ‘ನಮ್ಮ ಹುಡುಗ ಮನ್ಯಾಗ ಮಾತಾಡಿದಂಗ ಮಾತಾಡಿದ್ರ ಇಲ್ಲಿ ನಡೀತದೇನ್ರಿ, ಸರ?’